ಮೊಗ್ಗಿನ ಜಡೆಯೂ ಕಪ್ಪುತಲೆ ಹುಳವೂ

ಮಲ್ಲಿಗೆ ಮೊಗ್ಗು ಬೆಳ್ಳಗಿದ್ದರೆ ಒಳ್ಳೆಯದು, ಮೈಮೇಲೆ ನೇರಳೆ ಬಣ್ಣ ಕಂಡರೆ ಒಳಗೆ ಹುಳ ಇದೆ ಎಂದು ಅರ್ಥ. ಇಷ್ಟು ತಿಳಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಆ ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಬೆಳಿಗ್ಗೆ ಕಾಫಿಗೆ ಮುಂಚೆ, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು. "ಹಂಗೆ ನೋಡ್ತಾ ಕೂತ್ರೆ ಗಿಡಕ್ಕೆ ನಾಚ್ಕೆ ಆಗ್ತೈತೆ ಕಣಮ್ಮ" ಎಂದು ನಮ್ಮ ಮಾವ ರೇಗಿಸುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಹುಳಿಯಾರು ಕಡೆಗೆ ಕೊಟ್ಟಿರುವ ನನ್ನ ತಂಗಿ ಆಗ ಐದು ತಿಂಗಳ ಬಸುರಿ. ಏಳರಲ್ಲಿ ಸೀಮಂತ. ಅವ್ವ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ತಿಪಟೂರು–ತುರುವೇಕೆರೆ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ನಮ್ಮ ತೋಟದ ಮನೆಯೇ. ಸೀಮಂತದ ದಿನ ಅವಳಿಗೆ ಮೊಗ್ಗಿನ ಜಡೆ ಕಟ್ಟುವವಳು ನಾನು. ಮಲ್ಲಿಗೆ ಬಿರಿಯುವ ಮುಂಚೆಯೇ ಮೊಗ್ಗು ಬಿಡಿಸಿ, ಬಾಳೆಪಟ್ಟೆಯ ಮೇಲೆ ಒತ್ತೊತ್ತಾಗಿ ಹೊಲಿದು, ಆ ಪಟ್ಟೆಯನ್ನು ಜಡೆಯ ಉದ್ದಕ್ಕೂ ಬಿಗಿಯಬೇಕು. ಆರತಿ, ಊಟ ಎಲ್ಲ ಮುಗಿಯುವ ಹೊತ್ತಿಗೆ ಮೊಗ್ಗುಗಳು ಬೆನ್ನ ಮೇಲೆಯೇ ಅರಳಲು ಶುರುವಾಗುತ್ತವೆ. ಅಂಗಡಿಯ ಒಂದು ಮೊಗ್ಗೂ ಬೇಡ, ಎಲ್ಲ ನಮ್ಮ ಗಿಡದ್ದೇ ಆಗಬೇಕು, ಒಂದರಲ್ಲೂ ಹುಳ ಇರಕೂಡದು ಎಂದು ನಾನು ಹಟ ಹಿಡಿದಿದ್ದೆ.

ಹಟಕ್ಕೊಂದು ಕಾರಣ ಇತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ಇದೇ ತಂಗಿಗೆ ಇದೇ ಮನೆಯಲ್ಲಿ ಸೀಮಂತ ಮಾಡಿದ್ದೆವು. ಆಗ ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ಹೂ ಮಾರುವ ಹೆಂಗಸಿನಿಂದ ಮೊಗ್ಗು ತಂದಿದ್ದೆ. ಕೊನೆಯ ಸಾಲು ಹೊಲಿಯುವಾಗ ಒಂದು ಮೊಗ್ಗಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು, ಸುತ್ತ ನೇರಳೆ ಕಲೆ. ಅದನ್ನು ಬಿಸಾಡಬೇಕಿತ್ತು. ಆದರೆ ಮೊಗ್ಗು ಸಾಲದೆ ಬಂದಿತ್ತು, ಹೊರಗೆ ಹೆಂಗಸರು ಹೊತ್ತಾಯಿತು ಎಂದು ಕೂಗುತ್ತಿದ್ದರು. ತೂತು ಕಾಣದ ಹಾಗೆ ಪಟ್ಟೆಯ ಕಡೆಗೆ ತಿರುಗಿಸಿ ಹೊಲಿದುಬಿಟ್ಟೆ. ತಿಂಗಳು ಕಳೆಯುವುದರೊಳಗೆ ಮಗು ಹೊಟ್ಟೆಯಲ್ಲೇ ಹೋಯಿತು.

ಬಿಪಿ ಏರಿದ್ದರಿಂದ ಹೀಗಾಯಿತು ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾನೂ ತಲೆಯಾಡಿಸಿದೆ. ನಾನು ಬಿ.ಎ. ಓದಿದವಳು, ಬೆಕ್ಕು ಅಡ್ಡ ಬಂತೆಂದು ಯಾರಾದರೂ ನಿಂತರೆ ಅವರಿಗೆ ಪಾಠ ಹೇಳುವವಳು. ಆದರೂ ಆ ಮೊಗ್ಗು ತಲೆಯಿಂದ ಹೋಗಲಿಲ್ಲ. ತಂಗಿಯ ಮುಖ ನೋಡಿದಾಗಲೆಲ್ಲ ನನ್ನ ಕೈಬೆರಳುಗಳು ನೆನಪಾಗುತ್ತಿದ್ದವು, ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದ ಬೆರಳುಗಳು. ಆಮೇಲಾಮೇಲೆ ಅವಳ ಹತ್ತಿರ ಆ ಮಗುವಿನ ಮಾತು ಎತ್ತುವುದನ್ನೇ ಬಿಟ್ಟೆ.

ಆ ಮಳೆಗಾಲದಲ್ಲೇ ತುರುವೇಕೆರೆ ಸಂತೆಗೆ ಹೋಗಿ, ಗಾಡಿಯಲ್ಲಿ ಗಿಡ ಮಾರುವವನ ಹತ್ತಿರ ಮೂರು ದುಂಡುಮಲ್ಲಿಗೆ ಸಸಿ ತಂದೆ. "ಮೂರೂ ದುಂಡುಮಲ್ಲಿಗೇನೇ ಕಣಕ್ಕ, ಸುಳ್ಳಾದ್ರೆ ಮುಂದಿನ್ ವಾರ ಇಲ್ಲೇ ಬಂದು ಕೇಳು" ಎಂದ. ಮುಂದಿನ ವಾರ ಅವನು ಅಲ್ಲಿರಲಿಲ್ಲ. ಎರಡನ್ನು ಅಂಗಳದ ಅಂಚಿಗೆ, ತೆಂಗಿನ ಸಾಲಿನ ಪಕ್ಕ ನೆಟ್ಟೆ. ಮೂರನೆಯದನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟೆ. ಅದು ಮೊದಲಿನಿಂದಲೂ ದಷ್ಟಪುಷ್ಟ. ಒಳ್ಳೆಯ ಗೊಬ್ಬರವೆಲ್ಲ ಅದಕ್ಕೇ ಹೋಯಿತು. ಅಂಗಳದ ಎರಡು ಮಾತ್ರ ಮೊಣಕಾಲೆತ್ತರಕ್ಕೆ ಬಂದು ಮುನಿಸಿಕೊಂಡು ನಿಂತಿದ್ದವು.

ತಂಗಿ ಮತ್ತೆ ಬಸುರಿಯಾದ ಬೇಸಿಗೆ ಬಂತು. ನನ್ನ ಗಿಡಗಳಲ್ಲಿ ಒಂದೂ ನನ್ನ ಮಾತು ಕೇಳಲಿಲ್ಲ. ಕೆಂಪು ಬಿಡುತ್ತದೆಂದು ತಂದ ಡೇರೆ ಹೂ ಹಳದಿ ಬಿಟ್ಟಿತು. ದಾಸವಾಳದ ಕುಡಿಗೆ ಬೆಳ್ಳಗೆ ಹಿಟ್ಟುತಿಗಣೆ ಹತ್ತಿತು. ನೀರೇ ಹಾಕದ ಕನಕಾಂಬರ ಮಾತ್ರ ಯಾರಿಗೂ ಬೇಡವಾಗಿ ಮೈತುಂಬ ಹೂ ಬಿಟ್ಟಿತ್ತು. ಬಚ್ಚಲ ಪಕ್ಕದ ಆ ದಷ್ಟಪುಷ್ಟ ಗಿಡ ಮೊಗ್ಗು ಬಿಟ್ಟ ದಿನ ನಾನು ಕುಣಿಯುವುದೊಂದು ಬಾಕಿ. ಎರಡು ದಿನ ಕಳೆದ ಮೇಲೆ ನೋಡಿದರೆ ಮೊಗ್ಗು ಉದ್ದಕ್ಕೆ ಸಪೂರವಾಗಿತ್ತು. ಮೂಗಿಗೆ ಹಿಡಿದರೆ ಘಮವೇ ಇಲ್ಲ. ಕಾಕಡ! ಎರಡು ವರ್ಷ ನಾನು ಗೊಬ್ಬರ ತಿನ್ನಿಸಿದ್ದು ಕಾಕಡಕ್ಕೆ. ಗಿಡದ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಕಿತ್ತು ಹಾಕಲು ಹೋದೆ, ಬೇರು ಬಿಡಲಿಲ್ಲ.

ಇನ್ನು ಉಳಿದದ್ದು ಅಂಗಳದ ಎರಡೇ. ಅವು ಅಪ್ಪಟ ದುಂಡುಮಲ್ಲಿಗೆ. ಗಿಡ ಚಿಕ್ಕದಾದರೂ ಮೊಗ್ಗು ಗುಂಡಗೆ ಗಟ್ಟಿಯಾಗಿ ಬಂದವು. ಒಂದು ವಾರ ನನ್ನ ಜೀವ ಸ್ವಲ್ಪ ತಣ್ಣಗಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನೇರಳೆ ಬಣ್ಣ ಕಂಡಿತು. ಮೊಗ್ಗನ್ನು ಉಗುರಿನಿಂದ ಸೀಳಿದೆ. ಒಳಗೆ ಅಕ್ಕಿನುಚ್ಚಿನಷ್ಟು ಹುಳ, ಮೈ ಬಿಳಿ, ತಲೆ ಕಪ್ಪು. ಪಕ್ಕದ ಮೊಗ್ಗು ಸೀಳಿದೆ, ಅದರಲ್ಲೂ ಇತ್ತು.

ತೆಂಗಿನ ನಾಡಿನಲ್ಲಿ ಕಪ್ಪು ತಲೆಯ ಹುಳ ಎಂದರೆ ಬೇರೆ ಯಾವುದೂ ಹೊಳೆಯುವುದಿಲ್ಲ. ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿಂದು, ಮರವನ್ನು ಬೆಂಕಿಯಲ್ಲಿ ಬಾಡಿಸಿದ ಹಾಗೆ ಮಾಡುವ ಹುಳ ಅದು. ನಮ್ಮ ತೋಟದಲ್ಲೂ ಆ ವರ್ಷ ಬಿದ್ದಿತ್ತು. ಮರದ ಮೇಲಿಂದ ಅದೇ ನನ್ನ ಮಲ್ಲಿಗೆಗೆ ಇಳಿದಿದೆ ಎಂದು ತೀರ್ಮಾನ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ, ಒಂದು ಹೂವಿನ ಹುಳಕ್ಕೆ ಇಷ್ಟು ಗಾಬರಿ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು.

ಮರದ ಹುಳಕ್ಕೆ ಮದ್ದಾಗಿ ಮಾವ ತೋಟಗಾರಿಕೆ ಇಲಾಖೆಯ ಲ್ಯಾಬಿನಿಂದ ಗಾಜಿನ ಕೊಳವೆಗಳನ್ನು ತಂದಿದ್ದರು. ಬಾಯಿಗೆ ಹತ್ತಿ ತುರುಕಿದ ಆ ಕೊಳವೆಗಳಲ್ಲಿ ಇರುವೆಗಿಂತ ಸಣ್ಣ, ರೆಕ್ಕೆಯಿರುವ ಕೀಟಗಳು. ಮರದ ಬುಡದಲ್ಲಿ ಹತ್ತಿ ತೆಗೆದು ಬಿಟ್ಟರೆ ಅವು ಮೇಲೇರಿ ಹುಳವನ್ನು ಚುಚ್ಚಿ, ಅದರ ಮೈಮೇಲೆಯೇ ಮೊಟ್ಟೆ ಇಟ್ಟು ಮುಗಿಸುತ್ತವಂತೆ. "ಇವು ಇರೋಗಂಟ ತೋಟದಾಗೆ ಯಾರೂ ಔಷ್ದಿ ಹೊಡೀಬಾರ್ದು. ಹೊಡುದ್ರೆ ಹುಳದ್ ಜೊತೆ ಇವೂ ಸಾಯ್ತವೆ" ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದ್ದರು.

ಆ ಕೊಳವೆಗಳಲ್ಲಿ ಎರಡನ್ನು ನಾನು ಕದ್ದೆ. ಕದ್ದೆ ಎನ್ನಲು ಈಗ ನನಗೇನೂ ಸಂಕೋಚವಿಲ್ಲ. ಮಾವ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಸೆರಗಿನಲ್ಲಿ ಮುಚ್ಚಿ ತಂದು, ಮಲ್ಲಿಗೆ ಬುಡದಲ್ಲಿ ಹತ್ತಿ ಕಿತ್ತು, "ತಿನ್ರಪ್ಪ, ಹೊಟ್ಟೆ ತುಂಬ ತಿನ್ರಿ" ಎಂದು ಬಿಟ್ಟೆ. ನಾಲ್ಕು ದಿನ ಕಾದೆ. ಐದನೆಯ ದಿನ ನೇರಳೆ ಮೊಗ್ಗುಗಳು ಇನ್ನೂ ಹೆಚ್ಚಾಗಿದ್ದವು.

ಖಾಲಿ ಕೊಳವೆಗಳನ್ನು ಗಿಡದ ಸಂದಿಯಲ್ಲೇ ಮರೆತಿದ್ದೆ. ಮಾವ ಅವನ್ನು ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಇದೇನಮ್ಮ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದೂ ಕಪ್ಪುತಲೆ ಹುಳಾನೇ ಮಾವ, ಕಣ್ಣಾರೆ ನೋಡಿದೀನಿ" ಎಂದೆ.

ಮಾವ ಖಾಲಿ ಕೊಳವೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಬೈಗುಳಕ್ಕೆ ತಯಾರಾಗಿ ನಿಂತೆ. "ತಲೆ ಕಪ್ಪಗಿದ್ದದ್ದೆಲ್ಲ ಒಂದೇ ಜಾತೀನಾ? ನಿನ್ ತಲೇನೂ ಕಪ್ಪಗೈತೆ. ಸದ್ಯ, ನಿನ್ನ ಚುಚ್ಲಿಲ್ವಲ್ಲ" ಎಂದರು. ನನಗೆ ಅಳು ಬಂದುಬಿಟ್ಟಿತು. ಅದನ್ನು ಕಂಡು ಅವರೇ ಗಾಬರಿಯಾದರು. "ಹೋಗ್ಲಿ ಬುಡು. ತೆಂಗಿನ್ ಹುಳ ಬ್ಯಾರೆ, ಮಲ್ಗೆ ಹುಳ ಬ್ಯಾರೆ. ನಿನ್ ಗಿಡದಾಗೆ ಅವಕ್ಕೆ ಊಟ ಸಿಕ್ಕಿರಾಕಿಲ್ಲ. ರೆಕ್ಕೆ ಐತಲ್ಲ, ಮರಕ್ಕೆ ಹಾರ್ಕೊಂಡಿರ್ತವೆ" ಎಂದರು. ಹಾರಿದವೋ ಸತ್ತವೋ ಅವರಿಗೂ ಗೊತ್ತಿರಲಿಲ್ಲ.

ಔಷಧಿ ಹೊಡೆಯುವಂತಿಲ್ಲ, ಕೀಟ ಕೆಲಸ ಮಾಡಲಿಲ್ಲ. ಉಳಿದದ್ದು ಕೈ. ಮಾರನೆಯ ದಿನದಿಂದ ನೇರಳೆ ಬಣ್ಣ ಕಂಡ ಮೊಗ್ಗನ್ನೆಲ್ಲ ಬಿಡಿಸಿ, ನೆಲಕ್ಕೆ ಉದುರಿದ್ದನ್ನೂ ಗುಡಿಸಿ, ನೀರೊಲೆಗೆ ಹಾಕತೊಡಗಿದೆ. ಎರಡನೆಯ ದಿನ ಮಾವ ಕನ್ನಡಕ ಹಾಕಿಕೊಂಡು ಬಂದು ಎದುರಿಗೆ ಕೂತರು. ತೆಂಗಿನಕಾಯಿ ತಟ್ಟಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವ ಮನುಷ್ಯ, ಸೊಸೆಯ ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಯಾಕೆ ಇಷ್ಟು ಹೆದರಿದ್ದೀಯ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಸೀಮಂತದ ಬೆಳಿಗ್ಗೆ ಎರಡು ಗಿಡದಿಂದಲೂ ಬಿಡಿಸಿದ ಮೊಗ್ಗು ಒಂದು ಸಣ್ಣ ಬುಟ್ಟಿಯ ತಳ ಮುಚ್ಚಿತು, ಅಷ್ಟೆ. ನೆತ್ತಿಯಿಂದ ಬೆನ್ನ ನಡುವಿನವರೆಗೆ ಬಂದೀತು. ಗಂಡ ಬೈಕಿನ ಕೀಲಿ ಹಿಡಿದು, ತಿಪಟೂರಿಗೆ ಹೋಗಿ ತಂದುಬಿಡುತ್ತೇನೆ ಎಂದರು. "ಬೇಡ" ಎಂದು ನಾನು ಕಿರುಚಿದ ರಭಸಕ್ಕೆ ಅವರು ಕೀಲಿಯನ್ನು ಮತ್ತೆ ಮೊಳೆಗೆ ನೇತುಹಾಕಿದರು. ಏನು ಮಾಡುವುದೆಂದು ತಿಳಿಯದೆ ಬಚ್ಚಲ ಕಡೆ ಹೋದೆ. ವಾರದ ಹಿಂದೆ ಬಿದ್ದ ಒಂದು ಮಳೆಗೆ ಕಾಕಡ ಬೆಳ್ಳಗೆ ತುಂಬಿ ನಿಂತಿತ್ತು. ಒಂದು ಮೊಗ್ಗಿನಲ್ಲೂ ಕಲೆ ಇಲ್ಲ. ಬೈಸಿಕೊಂಡ ಗಿಡದ ಮುಂದೆ ಉಡಿ ಒಡ್ಡಿ ನಿಂತೆ. ಮೇಲರ್ಧ ದುಂಡುಮಲ್ಲಿಗೆ, ಕೆಳಗರ್ಧ ಕಾಕಡ, ನಡುವೆ ಯಾರಿಗೂ ಬೇಡವಾಗಿದ್ದ ಕನಕಾಂಬರದ ಒಂದು ಸಾಲು. ಪ್ರತಿ ಮೊಗ್ಗನ್ನೂ ತಿರುಗಿಸಿ ತಿರುಗಿಸಿ ನೋಡಿ ಹೊಲಿದೆ. ಬಂದ ಹೆಂಗಸರು ಹೊಸ ನಮೂನೆ ಜಡೆ ಎಂದು ಹೊಗಳಿದರು.

ಶ್ರಾವಣದಲ್ಲಿ ಅವಳಿಗೆ ಮಗು ಕ್ಷೇಮವಾಗಿ ಹುಟ್ಟಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರೂ ನನ್ನ ಹಾಗೆ ಹೆದರುತ್ತ ಕೂರುವುದು ಬೇಡ. ಆದರೆ ಆ ಸಂಜೆ ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ.

ನೆಂಟರೆಲ್ಲ ಹೊರಟ ಮೇಲೆ ಕೋಣೆಯಲ್ಲಿ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಜಡೆ ಬಿಚ್ಚತೊಡಗಿದೆ. ಮಲ್ಲಿಗೆ ಅರ್ಧ ಅರಳಿತ್ತು. ಕತ್ತಿನ ಹತ್ತಿರದ ದಾರ ಕತ್ತರಿಸಿದಾಗ ಒಂದು ಹೂವಿನೊಳಗಿಂದ ಅದು ಹೊರಗೆ ಬಂತು. ಮೈ ಬಿಳಿ, ತಲೆ ಕಪ್ಪು. ಪಟ್ಟೆಯ ಮೇಲೆ ನಿಧಾನವಾಗಿ ಹರಿಯಿತು. ನನ್ನ ಕೈ ನಿಂತುಹೋಯಿತು.

"ಹುಳ ತಾನೆ?" ಎಂದಳು ತಂಗಿ, ತಿರುಗಿ ನೋಡದೆ.

"ಏನಿಲ್ಲ ಕಣೇ, ದಾರ."

"ಆರತಿ ಹೊತ್ನಿಂದ ಕತ್ ಹತ್ರ ಹರೀತಿತ್ತು ಕಣಕ್ಕ. ಹೇಳಿದ್ರೆ ನೀನು ಅಲ್ಲೇ ಕುಸುದ್ ಬೀಳ್ತಿದ್ದೆ. ಅದ್ಕೇ ಸುಮ್ಕಿದ್ದೆ."

ಅವಳೇ ಮತ್ತೆ ಹೇಳಿದಳು. "ಹೋದ್ಸಲಾನೂ ಇತ್ತು. ಜಡೆ ಬಿಚ್ಚಿ ಮಂಚದ್ ಮೇಲೆ ಇಟ್ಟಿದ್ಯಲ್ಲ, ಆವಾಗ ನೋಡ್ದೆ. ತೂತು ಒಳಕ್ಕೆ ಮಾಡಿ ಹೊಲ್ದಿದ್ದೆ ನೀನು."

ಎರಡು ವರ್ಷ ನಾನು ಬಚ್ಚಿಟ್ಟುಕೊಂಡು ಬಂದದ್ದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. "ಯಾಕೆ ಹೇಳ್ಲಿಲ್ಲ ನೀನು?" ಎಂದೆ.

"ಏನಂತ ಹೇಳ್ಲಿ? ಹೂವಲ್ಲಿ ಹುಳ ಇತ್ತು ಅಂತಾನಾ? ಅದು ಹೂವಲ್ದೆ ಇನ್ನೆಲ್ಲಿರ್ತೈತೆ?" ಎಂದು ನಕ್ಕಳು. ಬೆರಳಿನ ತುದಿಗೆ ಹುಳವನ್ನು ಹತ್ತಿಸಿಕೊಂಡು ಕಿಟಕಿಯ ಹೊರಗೆ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಈಗ ನಗು ಇರಲಿಲ್ಲ.

"ಆ ಕೂಸಿಗೆ ಉಗುರೆಲ್ಲ ಬಂದಿತ್ತು ಅಕ್ಕ. ಎಲ್ರೂ ಬಂದ್ರು, ನಂಗೆ ಸಮಾಧಾನ ಹೇಳಿದ್ರು. ಕೂಸು ಹೆಂಗಿತ್ತು ಅಂತ ಒಬ್ರೂ ಕೇಳ್ಲಿಲ್ಲ. ನೀನಾದ್ರೂ ಕೇಳ್ತೀಯ ಅಂತ ಕಾಯ್ತಿದ್ದೆ."

ಎರಡು ವರ್ಷ ನಾನು ಯೋಚನೆ ಮಾಡಿದ್ದು ಒಂದು ಮೊಗ್ಗಿನ ಬಗ್ಗೆ, ನನ್ನ ಬೆರಳುಗಳ ಬಗ್ಗೆ. ಕತ್ತರಿಯನ್ನು ಕೆಳಗಿಟ್ಟೆ. ಬಿಚ್ಚಿದ ಹೂಗಳ ನಡುವೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಕೈ ಹಿಡಿದುಕೊಂಡು ಕೇಳಿದೆ.

"ಹೆಂಗಿತ್ತು?"