ಆಟದ ಲ್ಯಾಪ್‌ಟಾಪಿನಲ್ಲಿ ಮದುವೆ ಕಟ್ಟಿದವಳು

ನಂಜನಗೂಡಿನ ಬಸ್ ನಿಲ್ದಾಣದಿಂದ ದೇವಸ್ಥಾನದ ಕಡೆಗೆ ಹೋಗುವ ರಸ್ತೆಯಲ್ಲಿ, ವಿಭೂತಿ ರುದ್ರಾಕ್ಷಿ ಮಾರುವ ಅಂಗಡಿಯ ಮಹಡಿಯ ಮೇಲೆ ಬೆಟ್ಟಸ್ವಾಮಿಯ ಸ್ಟುಡಿಯೊ ಇತ್ತು. ಹೆಮ್ಮರಗಾಲದಲ್ಲಿ ತನ್ನ ಪಾಲಿನ ಜಮೀನನ್ನು ತಮ್ಮನಿಗೇ ಗೇಣಿಗೆ ಬಿಟ್ಟು, ಒಂದು ಕ್ಯಾಮೆರಾ ನೆಚ್ಚಿಕೊಂಡು ಪೇಟೆ ಸೇರಿದ ಮನುಷ್ಯ. ಮೊದಲು ಪಾಸ್‌ಪೋರ್ಟ್ ಸೈಜು, ಆಮೇಲೆ ಮದುವೆ ಫೋಟೊ, ತೊಂಬತ್ತರ ದಶಕದ ನಡುವೆ ವಿಡಿಯೊ. ಅವನ ಮಗಳು ಮಧುಶ್ರೀ ಹೈಸ್ಕೂಲಿನಲ್ಲಿದ್ದಾಗಲೇ ರಜೆ ಬಂದರೆ ಅಪ್ಪನ ಹಿಂದೆ ಮದುವೆಮನೆಗಳಿಗೆ ಹೊರಡುತ್ತಿದ್ದಳು.

ಅವಳು ಕ್ಯಾಮೆರಾ ಹಿಡಿದದ್ದು ಹೆಂಗಸರ ದೆಸೆಯಿಂದ. ಚಿಕ್ಕಯ್ಯನಛತ್ರದ ಒಂದು ಮದುವೆಯಲ್ಲಿ ಅರಿಶಿನ ಹಚ್ಚುವಾಗ ಹೆಣ್ಣಿನ ಅಜ್ಜಿ ಬೆಟ್ಟಸ್ವಾಮಿಯನ್ನು ಬಾಗಿಲಲ್ಲೇ ತಡೆದು, "ಗಂಡಸ್ರು ಇಲ್ಗಂಟ ಬರ್ಬೇಡಿ ಕಣಪ್ಪ. ಬೇಕಾರೆ ನಿನ್ ಮಗಳ ಕೈಲಿ ಕೊಡು" ಎಂದಳು. ಬೆಟ್ಟಸ್ವಾಮಿ ಕೊಟ್ಟ. ಆ ದಿನ ಮಧುಶ್ರೀ ತೆಗೆದುಕೊಂಡು ಬಂದ ಟೇಪನ್ನು ಆತ ಹಿಂದಕ್ಕೆ ಸುತ್ತಿ ಇನ್ನೊಂದು ಸಲ ನೋಡಿದ. ಅದರಲ್ಲಿ ಹೆಂಗಸರು ಕ್ಯಾಮೆರಾ ಇದೆಯೆಂದು ಸೆರಗು ಸರಿಮಾಡಿಕೊಳ್ಳುತ್ತಿರಲಿಲ್ಲ. ತಮ್ಮ ಪಾಡಿಗೆ ಹಾಡುತ್ತಿದ್ದರು, ಒಬ್ಬರನ್ನೊಬ್ಬರು ಅಣಕಿಸುತ್ತಿದ್ದರು. ಬಿ.ಎ. ಮುಗಿಸುವ ಹೊತ್ತಿಗೆ ಒಳಮನೆಯ ಶಾಸ್ತ್ರಗಳೆಲ್ಲ ಅವಳ ಪಾಲಿಗೆ, ಮಂಟಪ ಅಪ್ಪನ ಪಾಲಿಗೆ ಎಂದು ತಾನಾಗಿಯೇ ಹಂಚಿಕೆಯಾಗಿತ್ತು.

ತೆಗೆಯುವುದು ಅವರ ಕೈಯಲ್ಲಿದ್ದರೂ ಕತ್ತರಿಸಿ ಜೋಡಿಸುವುದು ಅವರ ಕೈಯಲ್ಲಿರಲಿಲ್ಲ. ಅದಕ್ಕೆ ಮೈಸೂರಿನ ಮಿಕ್ಸಿಂಗ್ ಯೂನಿಟ್ಟಿಗೇ ಹೋಗಬೇಕು. ಸುತ್ತಲಿನ ತಾಲ್ಲೂಕುಗಳ ಟೇಪುಗಳೆಲ್ಲ ಅಲ್ಲಿ ರಾಶಿ ಬೀಳುತ್ತಿದ್ದವು. ಮದುಮಕ್ಕಳ ಮುಖವನ್ನು ಗುಲಾಬಿ ಹೂವಿನೊಳಗೆ ಇಟ್ಟು, ಸೇಬಿನ ಹಣ್ಣಿನೊಳಗೆ ಇಟ್ಟು, ಯಾವುದೋ ಸಿನಿಮಾ ಹಾಡು ಸುರಿದು, ಎರಡು ಮೂರು ತಿಂಗಳ ಮೇಲೆ ಸಿ.ಡಿ. ಕೊಡುತ್ತಿದ್ದರು. ಜನ ಅದನ್ನೇ ಚೆನ್ನಾಗಿದೆ ಎನ್ನುತ್ತಿದ್ದರು. ಮಧುಶ್ರೀಯೂ ಅದು ಹಾಗೇ ಇರಬೇಕೇನೋ ಎಂದುಕೊಂಡಿದ್ದಳು.

ಹುಲ್ಲಹಳ್ಳಿಯ ಪುಟ್ಟಮಾದಮ್ಮ ಸ್ಟುಡಿಯೊಗೆ ಬಂದ ದಿನ ಆ ಎಣಿಕೆ ಬದಲಾಯಿತು. ಆಕೆಯ ಮಗಳ ಮದುವೆಯನ್ನು ಇವರೇ ತೆಗೆದಿದ್ದರು. ವರ್ಷದೊಳಗೆ ಆಕೆಯ ಗಂಡ ತೀರಿಕೊಂಡಿದ್ದ.

"ಬೀಗರಿಗೆ ಪಾಯ್ಸ ಬಡಿಸ್ವಾಗ ನಮ್ಮನೆಯವ್ರು ಒಂದ್ಸಲ ನಕ್ಬುಟ್ರು ಕಣವ್ವ. ನೀನು ಅಲ್ಲೇ ನಿಂತಿದ್ದೆ. ಸೀಡೀಲಿ ಉಡುಕ್ದೆ, ಇಲ್ಲ. ಅದೊಂಚೂರು ಆಕ್ಕೊಡು," ಎಂದಳು ಪುಟ್ಟಮಾದಮ್ಮ.

ಮಧುಶ್ರೀಗೆ ಆ ನಗು ಚೆನ್ನಾಗಿ ನೆನಪಿತ್ತು. ಆತ ಸೌಟು ಕೈಯಲ್ಲೇ ಹಿಡಿದು, ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದ. ಮೈಸೂರಿಗೆ ಫೋನು ಮಾಡಿದಳು. ಊಟದ ಭಾಗ ಉದ್ದವಾಯಿತೆಂದು ಅದನ್ನು ತೆಗೆದುಹಾಕಿದ್ದರು. ಮೂಲ ಟೇಪಿನ ಮೇಲೆ ಬೇರೆ ಮದುವೆ ಹತ್ತಿಬಿಟ್ಟಿತ್ತು. ಪುಟ್ಟಮಾದಮ್ಮ ಯಾರನ್ನೂ ಬೈಯಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ನೀರು ಕೇಳಿ ಕುಡಿದು, ಹುಲ್ಲಹಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಇಳಿದು ಹೋದಳು.

ಅವತ್ತು ಮಧ್ಯಾಹ್ನವೇ ಮಧುಶ್ರೀ ಅಪ್ಪನಿಗೆ ಹೇಳಿದಳು: "ಇನ್ಮೇಲೆ ಮಿಕ್ಸಿಂಗು ನಾನೇ ಮಾಡ್ತೀನಿ. ಒಂದು ಲ್ಯಾಪ್‌ಟಾಪ್ ತಕ್ಕೊಳನ."

ಬೆಟ್ಟಸ್ವಾಮಿ ಬೇಡ ಎನ್ನಲಿಲ್ಲ. ಹೊಸ ಕ್ಯಾಮೆರಾಕ್ಕೆಂದು ಕೂಡಿಟ್ಟಿದ್ದ ಹಣ ಇತ್ತು. ಅದರಲ್ಲಿ ಸ್ವಲ್ಪ ಇದಕ್ಕೆ ತೆಗೆದರೆ ಉಳಿದದ್ದರಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಬರುತ್ತದೆ ಎಂದು ಲೆಕ್ಕ ಹಾಕಿದ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದ ಅಣ್ಣ ಅಮೃತೇಶ್ ಮೈಸೂರಿಗೆ ಜೊತೆಯಲ್ಲಿ ಬರಲು ಒಪ್ಪಿದ. ಅದು ಎರಡು ಸಾವಿರದ ಎಂಟನೆಯ ಇಸವಿ. ನಂಜನಗೂಡಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರನ್ನು ಜನ ಹೆಸರು ಹಿಡಿದು ಹೇಳುತ್ತಿದ್ದ ಕಾಲ.

ಮೈಸೂರಿನ ಅಂಗಡಿಯವನು ಒಂದು ತೆಳ್ಳನೆಯ ಬೂದು ಬಣ್ಣದ ಲ್ಯಾಪ್‌ಟಾಪನ್ನು ಮುಂದಿಟ್ಟ. ಹಗುರ, ನೋಡಲು ಚೆಂದ, ಬ್ಯಾಟರಿ ಅರ್ಧ ದಿನ ಬರುತ್ತದೆ. ಟೈಪಿಂಗಿಗೆ, ಇಂಟರ್ನೆಟ್ಟಿಗೆ, ಫೋಟೊ ನೋಡುವುದಕ್ಕೆ ಧಾರಾಳ. ಬೆಲೆಯೂ ಕೈಗೆಟುಕುವಂಥದ್ದು.

"ನಮ್ ಆಫೀಸ್ನಲ್ಲೂ ಇಂಥದ್ದೇ ಕಣೆ. ಎಲ್ಲಾನೂ ಆಯ್ತದೆ ಇದ್ರಲ್ಲಿ," ಎಂದ ಅಮೃತೇಶ್.

ಮಧುಶ್ರೀ ತನ್ನ ಚೀಲದಿಂದ ಒಂದು ಡಿ.ವಿ.ಡಿ. ತೆಗೆದಳು. ಒಂದು ಮದುವೆಯ ಧಾರೆಯ ಭಾಗವನ್ನು ಕಾಲೇಜಿನ ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಅದಕ್ಕೆ ತುಂಬಿಸಿಕೊಂಡು ಬಂದಿದ್ದಳು. "ಇದನ್ನ ಹಾಕಿ, ಎರಡು ಕಡೆ ಕತ್ತರಿಸಿ, ಒಂದರ ಮೇಲೊಂದು ಕರಗೋ ಹಾಗೆ ಮಾಡಿ ತೋರಿಸ್ತೀರಾ?" ಎಂದು ಕೇಳಿದಳು.

ಅಂಗಡಿಯವನು ಸಜ್ಜನ. ಬೇಸರವಿಲ್ಲದೆ ಹಾಕಿದ. ಬೂದು ಲ್ಯಾಪ್‌ಟಾಪು ಮೊದಲು ಉಸಿರುಗಟ್ಟಿದಂತೆ ನಿಂತಿತು. ಆಮೇಲೆ ಓಡಿತು, ಆದರೆ ಗಟ್ಟಿಮೇಳದ ಸದ್ದು ಮುಗಿದಾದ ಮೇಲೆ ತಾಳಿ ಕಟ್ಟುವ ಚಿತ್ರ ಬಂತು. ಮತ್ತೆ ಪ್ರಯತ್ನಿಸಿದರೆ ವರನ ಕೈ ತಾಳಿಯ ಹತ್ತಿರ ಹೋಗಿ ಅಲ್ಲೇ ಅಂಟಿಕೊಂಡಿತು.

"ಇನ್ನೇನಿದೆ?" ಎಂದಳು ಮಧುಶ್ರೀ.

ಅವನು ಹಿಂದುಮುಂದು ನೋಡಿ, ಗಾಜಿನ ಕಪಾಟಿನಿಂದ ಇನ್ನೊಂದನ್ನು ತೆಗೆದ. ಅದು ಕರಿಯ ಕಲ್ಲಿನ ಚಪ್ಪಡಿಯಂತಿತ್ತು. ಮುಚ್ಚಳದ ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ಒತ್ತಿದರೆ ಕೀಲಿಗಳ ಕೆಳಗೆಲ್ಲ ಕೆಂಪು ಬೆಳಕು. "ಇದು ಗೇಮಿಂಗ್ ಮೇಡಂ. ಕಾರ್ ರೇಸು, ಫೈರಿಂಗು ಆಡೋರಿಗೆ ಮಾಡಿರೋದು. ಚಿತ್ರ ಓಡಿಸೋಕೆ ಇದರಲ್ಲಿ ಬೇರೆಯದೇ ಕಾರ್ಡ್ ಇದೆ. ಆದ್ರೆ ಭಾರ ಜಾಸ್ತಿ, ಕಾವು ಜಾಸ್ತಿ, ಬ್ಯಾಟರಿ ಒಂದು ಗಂಟೇನೂ ನಿಲ್ಲಲ್ಲ. ರೇಟೂ ಹೆಚ್ಚುಕಮ್ಮಿ ಡಬಲ್. ನಾನು ಸುಳ್ಳು ಹೇಳಲ್ಲ," ಎಂದ.

ಅದರಲ್ಲಿ ಡಿ.ವಿ.ಡಿ. ಹಾಕಿದರು. ಗಟ್ಟಿಮೇಳ ಮೊಳಗಿದಾಗಲೇ ಕೊರಳಿಗೆ ತಾಳಿ ಬಿತ್ತು, ಅಕ್ಷತೆ ಬಿತ್ತು, ತಾಯಿಯ ಮುಖ ಮಗಳ ಮುಖದೊಳಗೆ ಮೆಲ್ಲಗೆ ಕರಗಿತು. ಅಂಗಡಿಯವನೂ ಕೈಕಟ್ಟಿ ನಿಂತು ನೋಡಿದ.

ಹೊರಗೆ ಬಂದು ಕಾಫಿ ಕುಡಿಯುವಾಗ ಅಮೃತೇಶ್ ಕೇಳಿದ: "ಅದುನ್ನ ತಕ್ಕಂಡ್ರೆ ಕ್ಯಾಮೆರಾಕ್ಕೆ ಏನೂ ಉಳಿಯಾಕಿಲ್ಲ. ಗೊತ್ತಾ?"

"ಗೊತ್ತು. ಕ್ಯಾಮೆರಾ ಅಳೇದೇ ಇರ್ಲಿ. ಚಿಕ್ಕದು ತಕ್ಕೊಂಡ್ರೆ ನಾವು ಇನ್ನೂ ಮೈಸೂರಿಗೇ ಅಲೀಬೇಕು ಕಣೋ."

"ಆಟದ ಮಿಸಿನ್ನು ಕಣೆ ಅದು. ಊರ್ನೋರು ನಗಾಡ್ತಾರೆ."

"ನಗ್ಲಿ ಬುಡು," ಎಂದು ಲೋಟ ಕೆಳಗಿಟ್ಟು ಅವಳು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದಳು.

ಊರಿನವರು ನಕ್ಕರು. ಬೆಟ್ಟಸ್ವಾಮಿಯ ಮಗಳು ಮದುವೆ ವಯಸ್ಸಿನಲ್ಲಿ ಕಾರು ಓಡಿಸುವ ಆಟ ತಂದುಕೊಂಡಿದ್ದಾಳೆ ಎಂದು ಕೆಳಗಿನ ವಿಭೂತಿ ಅಂಗಡಿಯಲ್ಲಿ ಮಾತಾಯಿತು. ಅಮ್ಮ ಗುರುಬಸಮ್ಮ ಮಾತ್ರ ಹುಲಿಯ ಹಣೆಗೆ ವಿಭೂತಿ ಹಚ್ಚಿ, "ಮಾದೇಶ್ವರನ ವಾಹನ ಅಲ್ವಾ, ಒಳ್ಳೇದೇ ಆಯ್ತದೆ," ಎಂದು ಕೈಮುಗಿದಳು. ಬೆಟ್ಟಸ್ವಾಮಿ ಹಳೆಯ ಕ್ಯಾಮೆರಾವನ್ನೇ ಒರೆಸಿ ಮತ್ತೆ ಚೀಲಕ್ಕೆ ಹಾಕಿಕೊಂಡ. ಅದೇ ಮಧುಶ್ರೀಗೆ ಕಷ್ಟವಾಗಿದ್ದು. ಸಂಜೆಯ ಹೊತ್ತು ಅಮೃತೇಶ್ ಕದ್ದು ಕಾರ್ ರೇಸ್ ಆಡುತ್ತಿದ್ದ. ಅವಳು ನೋಡಿದರೂ ನೋಡದಂತೆ ಇದ್ದಳು.

ಕಲಿಯುವುದು ಸುಲಭವಾಗಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಯಂತ್ರ ಕಾದು ತಾನೇ ಆರಿಹೋಗುತ್ತಿತ್ತು. ಕೆಳಗೆ ಎರಡು ಇಟ್ಟಿಗೆ ಕೊಟ್ಟು, ಮೇಜಿನ ಫ್ಯಾನನ್ನು ಅದರ ಹೊಟ್ಟೆಯ ಕಡೆಗೆ ತಿರುಗಿಸಿಟ್ಟಳು. ಮೊದಲ ಮದುವೆಯನ್ನು ಜೋಡಿಸಿ ಕೊಟ್ಟಾಗ, "ಸೇಬಿನ ಅಣ್ಣೊಳಗೆ ಯಾಕೆ ಇಲ್ಲ?" ಎಂದು ಗಂಡಿನ ಕಡೆಯವರು ವಾಪಸು ತಂದರು. ಅವಳು ಸೇಬೂ ಹಾಕಿಕೊಟ್ಟಳು. ಆದರೆ ಅರಿಶಿನದ ಹಾಡು, ಬಡಿಸುವವರು, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಮುದುಕರು ಎಲ್ಲವನ್ನೂ ಉಳಿಸಿದಳು. ತಿಂಗಳ ಮೇಲೆ ಅದೇ ಜನ ಇನ್ನೂ ಐದಾರು ಸಿ.ಡಿ. ಬೇಕೆಂದು ಬಂದರು.

ಮಾರನೆಯ ವರ್ಷ ಟಿ. ನರಸೀಪುರದಿಂದ ಒಂದು ಮದುವೆ ಗೊತ್ತಾಯಿತು. ಅಲ್ಲಿನ ಅಗ್ರಹಾರದ ನಿವೃತ್ತ ಮೇಷ್ಟ್ರು ಬದರೀನಾರಾಯಣ ಅವರ ಒಬ್ಬಳೇ ಮಗಳು ಸುಚೇತಾಳ ಮದುವೆ. ಮದುವೆಯ ದಿನ ಹತ್ತಿರ ಬಂದಾಗ ಮೇಷ್ಟ್ರ ಹೆಂಡತಿ ಚಂಪಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದಿದ್ದರು, ಆದರೆ ಮಂಚದಿಂದ ಏಳುವ ಹಾಗಿರಲಿಲ್ಲ. ಮದುವೆ ಮುಂದೂಡೋಣವೆಂದರೆ ಆಕೆಯೇ ಒಪ್ಪಲಿಲ್ಲ.

ಅಪ್ಪನ ಜೊತೆ ಮುಂಗಡ ಮಾತಿಗೆಂದು ಹೋದ ಮಧುಶ್ರೀ ಆ ಮಂಚದ ಪಕ್ಕದಲ್ಲೇ ಕೂತಿದ್ದಳು. ಚಂಪಕ ಹೇಳಿದರು: "ಧಾರೆಗೆ ನಮ್ಮ ಭಾವನವರು, ಓರಗಿತ್ತಿ ಕೂತ್ಕೋತಾರೆ. ನೀನು ಚೆನ್ನಾಗಿ ತೆಗಿಯಮ್ಮ. ಸಿ.ಡಿ. ಬಂದಾಗ ನೋಡ್ತೀನಿ. ಅಷ್ಟು ಹೊತ್ತಿಗೆ ಅವಳು ಗಂಡನ ಮನೆಯಲ್ಲಿರ್ತಾಳೆ, ಅದೊಂದೇ."

"ಸಂಜೆ ಅವರು ಹೊರಡೋದಕ್ಕೆ ಮುಂಚೆ ತೋರಿಸ್ತೀನಿ ಅಮ್ಮ. ಇಬ್ಬರೂ ಕೂತು ನೋಡಿ," ಎಂದಳು ಮಧುಶ್ರೀ.

ವಾಪಸು ಬರುವಾಗ ಬಸ್ಸಿನಲ್ಲಿ ಬೆಟ್ಟಸ್ವಾಮಿ ತಡೆಯಲಾರದೆ ಕೇಳಿದ: "ಅಂಗೆಲ್ಲ ಮಾತು ಕೊಟ್ಬುಟ್ಟಲ್ಲ ಮಗ. ಮೈಸೂರ್ನೋರೇ ತಿಂಗ್ಳುಗಟ್ಲೆ ತಕ್ಕತಾರೆ."

"ನೀವು ಮಂಟಪ ಬುಟ್ಟು ಅಳ್ಳಾಡ್ಬೇಡಿ. ಮಿಕ್ಕಿದ್ದು ನಂಗೆ ಬುಡಿ ಅಪ್ಪಾಜಿ," ಎಂದಳು.

ಮದುವೆಯ ದಿನ ಛತ್ರದಲ್ಲಿ ಪ್ಲಗ್ ಇದ್ದದ್ದು ಉಗ್ರಾಣದಲ್ಲಿ ಒಂದೇ. ಮಧುಶ್ರೀ ಕುಂಬಳಕಾಯಿ, ತೆಂಗಿನಕಾಯಿ ಮೂಟೆಗಳ ನಡುವೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. ಬೆಟ್ಟಸ್ವಾಮಿ ಒಂದು ಟೇಪು ತುಂಬಿಸಿ ಕೊಟ್ಟು ಇನ್ನೊಂದು ಹಾಕಿಕೊಂಡು ಹೋಗುತ್ತಿದ್ದ. ಜೊತೆಗೆ ತಂದಿದ್ದ ಇನ್ನೊಂದು ಹಳೆಯ ಕ್ಯಾಮೆರಾದಿಂದ ಅವಳು ಅದನ್ನು ಯಂತ್ರಕ್ಕೆ ಇಳಿಸಿಕೊಳ್ಳುತ್ತಿದ್ದಳು. ಇಳಿದಂತೆಲ್ಲ ಕತ್ತರಿಸಿದಳು, ಜೋಡಿಸಿದಳು. ಧಾರೆ ಮುಗಿದು ಎಲೆ ಹಾಕುವ ಹೊತ್ತಿಗೆ ಕೆಲಸ ಬಹುಪಾಲು ಮುಗಿದಿತ್ತು. ಇನ್ನು ಎಲ್ಲವನ್ನೂ ಒಂದೇ ಸಿನಿಮಾ ಮಾಡಿ ಡಿ.ವಿ.ಡಿ.ಗೆ ಇಳಿಸುವುದು ಬಾಕಿ. ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಬ್ಯಾಟರಿಯ ಗುರುತು ಕಣ್ಣೆದುರಿಗೇ ಇಳಿಯತೊಡಗಿತು. ಅಂಗಡಿಯವನು ಹೇಳಿದ್ದ ಮಾತು ಸುಳ್ಳಾಗಿರಲಿಲ್ಲ. ಅವಳು ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಛತ್ರದ ಹಿಂಬದಿಗೆ ಓಡಿದಳು. ಅಲ್ಲಿ ಮೈಕ್‌ಸೆಟ್ಟಿನ ತಿಮ್ಮಯ್ಯ ಜನರೇಟರ್ ಹತ್ತಿರ ಕೂತು ಬೀಡಿ ಸೇದುತ್ತಿದ್ದ.

"ಅಣ್ಣ, ಒಂದು ಲೈನು ಉಗ್ರಾಣಕ್ಕೆ ಕೊಡಿ."

"ಇದರ ಕರೆಂಟು ಒಂದೇ ಸಮ ಇರಾಕಿಲ್ಲ ಕಣವ್ವ. ಏರ್ತದೆ, ಇಳೀತದೆ. ಹೋದ್ಸಲ ಯಾರ್ದೋ ಕಂಪ್ಯೂಟ್ರು ಸುಟ್ಟೋಗಿ ನನ್ ಮ್ಯಾಲೆ ಬಂದ್ರು."

ವಿಷಯವೇನೆಂದು ಅವಳು ಹೇಳಿದಳು. ಮಂಚದ ಮೇಲಿರುವ ತಾಯಿಯ ಮಾತು ಬಂದಾಗ ತಿಮ್ಮಯ್ಯ ಬೀಡಿ ಆರಿಸಿದ. "ಸುಟ್ರೆ ನಂದು," ಎಂದಳು ಅವಳು. ಅವನು ಮೈಕಿನ ಆಂಪ್ಲಿಫಯರಿಗೆಂದು ಇಟ್ಟಿದ್ದ ಸ್ಟೆಬಿಲೈಜರನ್ನೇ ಕಿತ್ತುಕೊಂಡು ಬಂದು ಉಗ್ರಾಣದ ತನಕ ವೈರು ಎಳೆದ. "ಊಟದೊತ್ತಲ್ಲಿ ಮೈಕ್ಯಾರಿಗೆ ಬೇಕು," ಎಂದ.

ಜನರೇಟರು ನಡುನಡುವೆ ಉಸಿರು ಕಟ್ಟುತ್ತಿತ್ತು. ಆಗೆಲ್ಲ ಆ ಗಿಡ್ಡ ಬ್ಯಾಟರಿಯೇ ಯಂತ್ರವನ್ನು ಒಂದೆರಡು ನಿಮಿಷ ಹೊತ್ತು ನಿಲ್ಲಿಸಿತು. ಯಂತ್ರ ದೋಸೆಯ ಹೆಂಚಿನಷ್ಟು ಕಾದರೂ ನಿಲ್ಲಲಿಲ್ಲ. ಬೆಟ್ಟಸ್ವಾಮಿ ಊಟಕ್ಕೆ ಹೋಗದೆ, ಬಾಳೆಲೆಯೊಂದನ್ನು ಮಡಿಸಿ ಅದಕ್ಕೆ ಗಾಳಿ ಹಾಕುತ್ತ ಕೂತ. ಬಿಸಿಲು ಇಳಿಯುವ ಮುಂಚೆ ಡಿ.ವಿ.ಡಿ. ಹೊರಗೆ ಬಂತು.

ಅಗ್ರಹಾರದ ಮನೆಯಲ್ಲಿ ಟಿ.ವಿ.ಯನ್ನು ಮಂಚದ ಎದುರಿಗೆ ತಂದಿಟ್ಟಿದ್ದರು. ಸುಚೇತಾ ಮದುವೆಯ ಸೀರೆಯಲ್ಲೇ ಅಮ್ಮನ ತಲೆಯ ಹತ್ತಿರ ಕೂತಳು; ಅಳಿಯ ಚಿರಂತನ ಬಾಗಿಲ ಬಳಿ ನಿಂತ. ಎದುರುಗೊಳ್ಳುವುದು, ಕಾಶಿಯಾತ್ರೆ, ಜೀರಿಗೆ ಬೆಲ್ಲ, ಒಂದೊಂದಾಗಿ ಬಂದವು. ಧಾರೆ ಬಂತು. ದೊಡ್ಡಮ್ಮ ನೀರು ಬಿಡುವಾಗ ಸುಚೇತಾ ಒಂದು ಕ್ಷಣ ತಲೆಯೆತ್ತಿ ಸುತ್ತ ಯಾರನ್ನೋ ಹುಡುಕಿದ್ದಳು. ಅದನ್ನು ಮಧುಶ್ರೀ ಕತ್ತರಿಸಿರಲಿಲ್ಲ.

ಚಂಪಕ ಅಲುಗಾಡದೆ ನೋಡಿದರು. ಮಗಳ ಕೈ ಹುಡುಕಿ ಹಿಡಿದುಕೊಂಡರು. ಧಾರೆ ಮುಗಿದಾಗ ಅವರ ಬಾಯಿಂದ ಬಂದ ಮಾತು: "ಮೂಗುಬೊಟ್ಟು ಓರೆಯಾಗಿದೆಯಲ್ಲೇ. ಅಷ್ಟು ಜನದಲ್ಲಿ ಒಬ್ಬರಾದ್ರೂ ನೋಡಬಾರದಿತ್ತಾ?"

ಸುಚೇತಾ ನಕ್ಕಳು, ನಗುತ್ತಲೇ ಅತ್ತಳು. ಚಂಪಕ ಕೈ ಚಾಚಿ ಮಗಳ ಮೂಗುಬೊಟ್ಟು ನೆಟ್ಟಗೆ ಮಾಡಿದರು. ಬದರೀನಾರಾಯಣ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡು, "ಧಾರೆ ಇನ್ನೊಂದು ಸಲ ಹಾಕಮ್ಮ," ಎಂದರು. ಹಾಕಿದಳು. ಅಷ್ಟರಲ್ಲಿ ಕಿಟಕಿಯಾಚೆ, ಪಡಸಾಲೆಯಲ್ಲಿ ಬೀಗರು ನೆರೆಹೊರೆಯವರೆಲ್ಲ ತುಂಬಿಹೋಗಿದ್ದರು. ಅದುವರೆಗೆ ಬೆಳಿಗ್ಗೆ ಆದ ಮದುವೆಯನ್ನು ಸಂಜೆಗೆ ಟಿ.ವಿ.ಯಲ್ಲಿ ನೋಡಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ನಂಜನಗೂಡಿಗೆ ವಾಪಸು ಬರುವ ಬಸ್ಸಿನಲ್ಲಿ ಬೆಟ್ಟಸ್ವಾಮಿ ಲ್ಯಾಪ್‌ಟಾಪಿನ ಭಾರದ ಚೀಲವನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದ. "ನಾನಾಗಿದ್ರೆ ಆ ತೆಳ್ಳಂದ್ನೇ ತಕ್ಕಬತ್ತಿದ್ದೆ ಕಣವ್ವ," ಎಂದ, ಕಿಟಕಿಯ ಕಡೆ ನೋಡುತ್ತ. ಮಧುಶ್ರೀಗೆ ಅಷ್ಟು ಸಾಕಿತ್ತು.

ಆ ವರ್ಷದ ಲಗ್ನಗಳಲ್ಲಿ ಎರಡೂ ತಾಲ್ಲೂಕಿನಲ್ಲಿ ಅವಳ ಹೆಸರು ಓಡಾಡಿತು. ಬೇರೆ ಸ್ಟುಡಿಯೊಗಳವರು ಮೈಸೂರಿಗೆ ಒಯ್ಯುತ್ತಿದ್ದ ಟೇಪುಗಳನ್ನು ವಿಭೂತಿ ಅಂಗಡಿಯ ಮಹಡಿಗೆ ತಂದು ಕೊಡತೊಡಗಿದರು. ಕೊನೆಗೆ ಮೈಸೂರಿನವರೇ ತಮ್ಮಲ್ಲಿ ಕೆಲಸ ಹೆಚ್ಚಾದಾಗ ನಂಜನಗೂಡಿಗೆ ರೈಲು ಹತ್ತಿ ಬಂದರು. ಹೊಸದಾಗಿ ಕಲಿಯಲು ಬಂದ ಇಬ್ಬರು ಹೆಣ್ಣುಮಕ್ಕಳಿಗೆ ಅವಳು ಮೊದಲು ಹೇಳಿಕೊಟ್ಟದ್ದು ಯಾವುದನ್ನು ಕತ್ತರಿಸಬಾರದು ಎಂಬುದನ್ನು.

ಒಂದು ಬೆಳಿಗ್ಗೆ ಹೆಗ್ಗಡದೇವನಕೋಟೆಯ ಕಡೆಯ ಮಹದೇವಯ್ಯ ಎಂಬ ಹಿರಿಯರು ಮೆಟ್ಟಿಲು ಹತ್ತಿ ಬಂದರು. ಮಗನಿಗೆ ಹೆಣ್ಣು ಗೊತ್ತಾಗಿದೆ, ಮಠದ ಅಯ್ಯನವರು ಎರಡು ಮುಹೂರ್ತ ಕೊಟ್ಟಿದ್ದಾರೆ, ಎರಡೂ ಒಳ್ಳೆಯವೇ ಎಂದರು. ಬೆಂಚಿನ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕ್ಯಾಲೆಂಡರಿನ ಕಡೆ ಕೈ ತೋರಿಸಿದರು.

"ಛತ್ರದೋರ್ನ ಇನ್ನೂ ಕೇಳಿಲ್ಲ ಕಣವ್ವ. ನಿಂಗೆ ಯಾವತ್ತು ಬಿಡುವು ಹೇಳು, ಅವತ್ತೇ ಮಡಿಕತೀವಿ."