ಕಾಲು ಹಿಡಿದು ಮೇಲೆ ಬಂದವರು

ಕಾಲು ಹಿಡಿದು ಮೇಲೆ ಬಂದವರು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ. ಹಾಗೆ ಬಂದು ಅದನ್ನು ಎದೆತಟ್ಟಿ ಹೇಳಿಕೊಳ್ಳಬಲ್ಲವರನ್ನು ಮಾತ್ರ ನಾನು ಒಬ್ಬರನ್ನೇ ಕಂಡಿದ್ದೇನೆ. ಜಕ್ಕಲಿಯ ಶ್ರೀ ಮುಜಫ್ಫರ ನದಾಫ ಅವರು ಹದಿನೆಂಟು ವರ್ಷ ವೃತ್ತಿಪರ ಕಬಡ್ಡಿ ಅಂಗಳದ ಎಡಮೂಲೆಯಲ್ಲಿ ನಿಂತು, ದಾಳಿಗೆ ಬಂದವರ ಕಣಕಾಲು ಹಿಡಿದು ಕೆಡವಿ, ಚಪ್ಪಾಳೆಯೆಲ್ಲ ದಾಳಿಗಾರರಿಗೇ ಸಲ್ಲುವ ಆಟದಲ್ಲಿ ಹಿಡಿತಗಾರರಿಗೂ ಮರ್ಯಾದೆ ತಂದುಕೊಟ್ಟು, ಈ ವರ್ಷ ನಿವೃತ್ತರಾಗಿದ್ದಾರೆ. ಅವರ ಸನ್ಮಾನ ಸಮಾರಂಭಕ್ಕೆಂದು ಬರೆದ ಲೇಖನ ಇದು.

ಅವರ ಮನೆತನದ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ತಾಯಿ ಹಸನಬಿಯವರು ಹಿತ್ತಲಲ್ಲಿ ಹಾಸಿಕೊಟ್ಟ ಹಳೆಯ ಗಾದಿಯ ಮೇಲೆಯೇ ಅವರು ಬೀಳುವುದನ್ನೂ ಬೀಳಿಸುವುದನ್ನೂ ಕಲಿತರು. ಕೆಡವಿದವನನ್ನು ತಾವೇ ಎಬ್ಬಿಸಿ, ಬೆನ್ನಿನ ಮಣ್ಣು ಝಾಡಿಸಿ ಕಳಿಸುವ ರೂಢಿಯನ್ನು ಕೊನೆಯ ಪಂದ್ಯದವರೆಗೂ ಬಿಡಲಿಲ್ಲ. ಆ ಸೇವೆಯನ್ನು ಹೆಚ್ಚು ಸಲ ಪಡೆದ ಬೆನ್ನು ನನ್ನದೇ. ಅಂದಾನೆಪ್ಪನೆಂಬ ನಾನು ಆಗ ನರೇಗಲ್ ತಂಡದ ದಾಳಿಗಾರ.

ಇಪ್ಪತ್ತು ವರ್ಷಗಳ ಹಿಂದೆ ಗಜೇಂದ್ರಗಡದಲ್ಲಿ ನಡೆದ ಅಂತಿಮ ಪಂದ್ಯದ ಬಗ್ಗೆ ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಮುಂಬಯಿಯ ಕಂಪನಿಯೊಂದರ ನೌಕರಿಗೂ ತಂಡಕ್ಕೂ ಆಟಗಾರರನ್ನು ಆರಿಸಲು ಬಂದವರು ಮುಜಫ್ಫರರನ್ನೇ ನೋಡುತ್ತ ಕುಳಿತಿದ್ದರು. ಅಂಕ ಸಮ, ಕೊನೆಯ ದಾಳಿ ನನ್ನದು. ಅವರು ನನ್ನ ಎಡಗಾಲು ಹಿಡಿದರು. ನನ್ನ ಮೊಣಕಾಲು ತಿರುಚಿ ಒಳಗೆ ಲಟಕ್ಕೆಂದಿತು. ಮರುಗಳಿಗೆ ಹಿಡಿತ ಸಡಿಲಾಯಿತು. ನಾನು ಮುಗ್ಗರಿಸಿ ನಡುಗೆರೆ ದಾಟಿ ಬಿದ್ದೆ. ಕಪ್ ನಮ್ಮದಾಯಿತು. ಆರಿಸಲು ಬಂದವರು ಅವರ ಹೆಸರು ಬರೆದುಕೊಳ್ಳದೆ ಬಸ್ಸು ಹತ್ತಿದರು.

"ಕೈಗೆ ಬಂದ ನೌಕರಿ ಬಿಟ್ಟು ಬಂದ್ಯಲ್ಲೋ," ಎಂದು ಹಸನಬಿಯವರು ಬೈದರಂತೆ.

"ನೌಕರಿ ಮತ್ತ ಬರ್ತದಬೇ ಯವ್ವಾ. ಅಂವನ ಕಾಲ ಮುರದಿದ್ರ ಎಲ್ಲಿಂದ ತರೂದು?" ಎಂದರಂತೆ ಇವರು.

ಮತ್ತೆರಡು ವರ್ಷ ಗಾದಿ ಹೊಲಿದ ಮೇಲೆ ಆ ನೌಕರಿ ಬಂತು. ಅಲ್ಲಿಂದ ಮುಂದೆ ದೊಡ್ಡ ಲೀಗುಗಳು, ಪದಕಗಳು. ನಾನಂತೂ ಗುಣವಾದ ಅದೇ ಕಾಲಿನ ಮೇಲೆ ಓಡಿ ತೋರಿಸಿ ದೈಹಿಕ ಶಿಕ್ಷಕನಾದೆ. ಮುಜಫ್ಫರನ ಹಿಡಿತದಿಂದ ಕಿತ್ತುಕೊಂಡು ಬಂದವನು ನಾನೊಬ್ಬನೇ ಎಂದು ಇಪ್ಪತ್ತು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ಅವರ ಕಿವಿಗೂ ಅದು ಬಿದ್ದಿತ್ತು. ಒಮ್ಮೆಯೂ ಅಲ್ಲಗಳೆಯಲಿಲ್ಲ. ನನಗೆ ನಾಚಿಕೆಯಾಗಲು ಇಷ್ಟು ದಿನ ಬೇಕಾಯಿತು.

ಈಗ ಅವರು ವಾರಕ್ಕೆ ಮೂರು ಸಂಜೆ ನಮ್ಮ ಶಾಲೆಗೆ ಬಂದು ಹುಡುಗಿಯರಿಗೆ ಹಿಡಿತ ಕಲಿಸುತ್ತಾರೆ. ಮೊದಲ ದಿನವೇ ತಾವು ಹೊಲಿದ ನಾಲ್ಕು ಗಾದಿ ಹೊತ್ತು ತಂದಿದ್ದರು. ಈ ಲೇಖನದಲ್ಲಿ ನಿಜ ಬರೆಯುತ್ತೇನೆಂದು ಹೇಳಿದಾಗ ಗಾದಿ ಬಿಸಿಲಿಗೆ ಹಾಕುತ್ತಲೇ, "ಬ್ಯಾಡ ಬಿಡ್ರಿ, ಅಂದಾನೆಪ್ಪಣ್ಣ. ನೀವ ಕಿತಗೊಂಡ್ರಿ ಅಂತನ ಇರ್ಲಿ. ನರೇಗಲ್ ಮಂದಿಗೆ ಭಾಳ ಖುಷಿ ಐತಿ ಅದರಾಗ," ಎಂದು ನಕ್ಕರು.

ಅವರ ಮಾತು ಮೀರಿ ಬರೆದಿದ್ದೇನೆ. ಮುಜಫ್ಫರ ನದಾಫ ಅವರು ನೂರು ವರ್ಷ ಬಾಳಲಿ. ಅವರ ಗಾದಿಗಳ ಮೇಲೆ ಇನ್ನೂ ನೂರಾರು ಮಕ್ಕಳು ಬಿದ್ದು ಏಳಲಿ. ವಯಸ್ಸಿನಲ್ಲಿ ಅವರು ನನಗಿಂತ ಒಂದು ವರ್ಷ ಚಿಕ್ಕವರು, ಬೇಡವೆನ್ನುತ್ತಾರೆ, ಗೊತ್ತು. ಆದರೂ ಸನ್ಮಾನದ ದಿನ ವೇದಿಕೆಯ ಮೇಲೆ ನಾನು ಅವರ ಕಾಲು ಹಿಡಿಯುವವನೇ. ತಪ್ಪಿಸಿಕೊಳ್ಳಲಿ ನೋಡೋಣ.