ಹುಚ್ಚಮ್ಮನ ಹಗುರ ಕತ್ತಿ

ಅಜ್ಜಂಪುರದಿಂದ ಬೀರೂರಿಗೆ ಹೋಗುವ ರೈಲುಹಳಿಯ ಮಗ್ಗುಲಿಗೇ ಇದ್ದ ಒಂದು ಸಣ್ಣ ಹಳ್ಳಿಗೆ ಹುಚ್ಚಮ್ಮ ಸೊಸೆಯಾಗಿ ಬಂದಾಗ, ಅವಳ ಅತ್ತೆ ಮೊದಲು ತೋರಿಸಿದ್ದು ದೇವರ ಗೂಡನ್ನಲ್ಲ, ಅಟ್ಟವನ್ನು. ಅಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟ ಮರದ ಕಿರೀಟ, ಭುಜಕೀರ್ತಿ, ಎದೆಹಲಗೆ ಇದ್ದವು. ನಿನ್ನ ಗಂಡನ ವೇಷದ ಸಾಮಾನು, ಇಲಿ ಕಡಿಯದ ಹಾಗೆ ನೋಡಿಕೊಳ್ಳುವುದು ಇನ್ನು ನಿನ್ನದು ಅಂತ ಹೇಳಿ ಆಕೆ ಏಣಿ ಇಳಿದಿದ್ದಳು.

ಗಂಡ ಈರಣ್ಣ ಬಯಲಾಟದ ಮೇಳದಲ್ಲಿ ರಕ್ಕಸರಾಜನ ವೇಷ ಕಟ್ಟುತ್ತಿದ್ದ. ಅವನಪ್ಪನೂ ಅದೇ ವೇಷ ಕಟ್ಟಿದವನು. ರಾಗಿ ಕಣ ಮುಗಿದು ಜನರ ಕೈ ಬಿಡುವಾದ ಮೇಲೆ ಶಿವರಾತ್ರಿಯಿಂದ ಯುಗಾದಿಯವರೆಗೆ ಕಡೂರಿನ ಕಡೆಯಿಂದ, ತರೀಕೆರೆಯ ಕಡೆಯಿಂದ ಮೇಳಕ್ಕೆ ಕರೆ ಬರುತ್ತಿತ್ತು. ಮನೆಯಲ್ಲಿ ನಾಲ್ಕು ಮಾತಾಡದ ಮನುಷ್ಯ ರಂಗದ ಮೇಲೆ ನಿಂತರೆ ಮುಂದೆ ಕೂತ ಮಕ್ಕಳು ಎದ್ದು ತಾಯಂದಿರ ಹಿಂದೆ ಸೇರುತ್ತಿದ್ದವು. ಮೊದಲ ವರ್ಷ ಹುಚ್ಚಮ್ಮನೂ ಹೆದರಿದ್ದಳು, ಒಳಗೊಳಗೇ ಹಿಗ್ಗಿದ್ದಳು. ಎರಡನೇ ವರ್ಷಕ್ಕೆ ಕಂಕುಳಲ್ಲಿ ಕೂಸಿತ್ತು, ಮಗಳ ಬೆನ್ನಿಗೇ ಮಗನೂ ಹುಟ್ಟಿದ. ಆಮೇಲೆ ಅವಳ ಪಾಲಿಗೆ ಆಟವೆಂದರೆ ಬೆಳಿಗ್ಗೆ ಬಂದವನ ಮುಖದಿಂದ ಅರದಾಳ ಇಂಗಳೀಕದ ಬಣ್ಣವನ್ನು ಎಣ್ಣೆ ಹಚ್ಚಿ ತೆಗೆಯುವುದು, ಬೆವರು ಹೀರಿ ಕಲ್ಲಿನ ಹಾಗೆ ಗಡುಸಾದ ನಿಲುವಂಗಿ ಒಗೆಯುವುದು, ಅವನು ಮಲಗಿ ಎದ್ದೇಳುವವರೆಗೆ ದನಗಳ ಕೆಲಸವನ್ನೂ ತಾನೇ ಮಾಡುವುದು ಅಂತಾಯಿತು.

ಮಗಳನ್ನು ತರೀಕೆರೆಯ ಕಡೆಗೆ ಕೊಟ್ಟ ವರ್ಷ ಈರಣ್ಣ ಎಮ್ಮೆದೊಡ್ಡಿ ಕಾವಲಿನ ತಳಿಯದು ಅಂತ ಒಂದು ಎಳೇ ಹೋರಿ ಹೊಡೆದುಕೊಂಡು ಬಂದ. ಕೋಡು ಹಿಂದಕ್ಕೆ ಬಾಗಿ ತುದಿ ಸೂಜಿಯಾಗಿತ್ತು, ನಿಂತ ಕಡೆ ನಿಲ್ಲುವ ಪ್ರಾಣಿಯಲ್ಲ. ನೊಗ ಕಲಿಸಲು ಹೋದ ದಿನ ಅದು ರೈಲಿನ ಕೂಗಿಗೆ ಬೆದರಿ ಕಿತ್ತುಕೊಂಡು ಓಡಿತು. ಹಗ್ಗವನ್ನು ಬಲಗೈಗೆ ಸುತ್ತಿಕೊಂಡಿದ್ದ ಈರಣ್ಣನನ್ನು ಹೊಲದ ಉದ್ದಕ್ಕೂ ಎಳೆದು ಬದುವಿನ ಕಲ್ಲುಗಳ ಮೇಲೆ ಬಿಟ್ಟಿತು. ಭುಜದ ಕೀಲು ತಪ್ಪಿತ್ತು. ಮೂಳೆ ಕೂರಿಸುವ ಒಬ್ಬ ಮುದುಕ ಬಂದು ಎಳೆದು ಕೂರಿಸಿ, ಪಟ್ಟು ಹಾಕಿ, ಬಿದಿರುದಬ್ಬೆ ಕಟ್ಟಿದ. ನೋವು ಇಳಿಯಿತು. ಆದರೆ ಆ ಕೈ ಕಿವಿಯಿಂದ ಮೇಲಕ್ಕೆ ಏಳಲಿಲ್ಲ.

ರಕ್ಕಸರಾಜನ ಕತ್ತಿ ಮಾವನ ಕಾಲದ್ದು. ಊರಿನ ಆಚಾರಿ ಹೊನ್ನೆ ಮರದಲ್ಲಿ ಕಡೆದು ಹಿಡಿಗೆ ಕಬ್ಬಿಣದ ಕಟ್ಟು ಹಾಕಿದ್ದ. ಆ ಸಲ ಅಭ್ಯಾಸ ಶುರುವಾಗುವ ಮೊದಲು ಈರಣ್ಣ ಅದನ್ನು ಹಿತ್ತಲಿಗೆ ಒಯ್ದು, ಯಾರೂ ಇಲ್ಲವೆಂದುಕೊಂಡು ಎತ್ತಲು ನೋಡಿದ. ಬಣವೆಯ ಹಿಂದೆ ಹುಲ್ಲು ಹಿರಿಯುತ್ತಿದ್ದ ಹುಚ್ಚಮ್ಮ ನೋಡಿದಳು. ಕತ್ತಿ ಎದೆಯವರೆಗೆ ಬಂತು, ಆಮೇಲೆ ಕೆಳಗೆ ಬಿತ್ತು. ಅವನು ಮತ್ತೆ ಎತ್ತಿದ, ಮತ್ತೆ ಬಿತ್ತು. ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟ.

ಸಂಜೆ ಉಣ್ಣಲು ಕೂತಾಗ ಹುಚ್ಚಮ್ಮನೇ ಮಾತು ತೆಗೆದಳು. ಹಗುರದ್ದೊಂದು ಮಾಡಿಸಬಾರದೇ ಅಂದಳು. ಆಚಾರಿಗೆ ಹೇಳಿದರೆ ಮಾರನೇ ದಿನ ಊರಿಗೆಲ್ಲ ಗೊತ್ತಾಗುತ್ತದೆ, ಈರಣ್ಣನ ಕೈ ಹೋಯಿತು ಅಂತ ಆಡಿಕೊಳ್ಳುತ್ತಾರೆ ಅಂದ ಅವನು. ಹುಚ್ಚಮ್ಮನ ತವರು ಪಂಚನಹಳ್ಳಿ. ಅವಳಪ್ಪ ಬೇಸಾಯದ ಮಧ್ಯೆ ಬಿಡುವಾದಾಗ ಸೌಟು, ಕಡಗೋಲು, ಮುದ್ದೆಕೋಲು ಕೆತ್ತುತ್ತಿದ್ದವನು. ಅವನ ಪಕ್ಕ ಕೂತು ಅವಳೂ ಒಂದಷ್ಟು ಕೆತ್ತಿದ್ದಳು. ಹಾಗಾಗಿ, ನಾನೇ ಮಾಡಿಕೊಡುತ್ತೇನೆ ಬಿಡು ಅಂತ ಅಂದುಬಿಟ್ಟಳು. ಒಂದು ವರ್ಷದ ಮಾತು ಅಂತ ಅವಳ ಲೆಕ್ಕ.

ಬೇಲಿಯ ಹಾಲವಾಣದ ಕೊಂಬೆ ಕಡಿದು ನೆರಳಲ್ಲಿ ಒಣಗಿಸಿ, ನಡುಮನೆಯ ಬಾಗಿಲು ಮುಂದಕ್ಕೆಳೆದುಕೊಂಡು ಕೂತಳು. ಕುಡುಗೋಲಿನಲ್ಲಿ ಒರಟು ರೂಪ ತೆಗೆದು, ಬಾಚಿಯಿಂದ ಅಲಗನ್ನು ತೆಳ್ಳಗೆ ಮಾಡಿ, ಒಡೆದ ಲಾಟೀನಿನ ಗಾಜಿನ ಚೂರಿನಿಂದ ಹೆರೆದಳು. ಗರಗತ್ತಿ ಎಲೆ ತಂದು ಉಜ್ಜಿದ ಮೇಲೆ ಮರ ಅಂಗೈಯಂತೆ ನುಣುಪಾಯಿತು. ಹುಣಸೆಬೀಜ ಅರೆದು ಕುದಿಸಿದ ಅಂಟು ಬಳಿದು, ಈರಣ್ಣ ಬೀರೂರು ಸಂತೆಯಿಂದ ತಂದ ಹೊಳೆಯುವ ಬೇಗಡೆ ಹಾಳೆ ಮೆತ್ತಿದಳು. ಕೆತ್ತುವ ಸದ್ದು ಕೇಳಿ ಬಂದ ಪಕ್ಕದ ಮನೆಯವರಿಗೆ ಸೌಟು ಮಾಡುತ್ತಿದ್ದೇನೆ ಅಂತ ಹೇಳಿದಳು. ಕತ್ತಿ ನೋಡಲು ಹಳೆಯದರ ಹಾಗೇ ಇತ್ತು. ಈರಣ್ಣ ಅದನ್ನು ಹಿಡಿದು, ತಿರುಗಿಸಿ, ಅಟ್ಟಕ್ಕೆ ಹತ್ತಿಸಿದ. ಆ ವರ್ಷ ಆಟ ನಡೆಯಿತು.

ಆದರೆ ಅಷ್ಟು ಮೆತುವಾದ ಮರ ಒಂದು ಹಂಗಾಮು ಬಾಳುವುದೇ ಹೆಚ್ಚು. ಯುದ್ಧದ ಸನ್ನಿವೇಶಕ್ಕೆ ಬರುವಷ್ಟರಲ್ಲಿ ಎದುರಾಳಿಯ ಏಟಿಗೆ ಅಂಚು ಜಜ್ಜಿಹೋಗುತ್ತಿತ್ತು, ಒಮ್ಮೆ ನಡುವಿಗೇ ಮುರಿಯಿತು. ಮುಂದಿನ ವರ್ಷ ಇನ್ನೊಂದು ಬೇಕಾಯಿತು. ಈರಣ್ಣ ಬಾಯಿಬಿಟ್ಟು ಕೇಳಲಿಲ್ಲ. ಸಂತೆಯಿಂದ ಬಂದವನು ಬೇಗಡೆಯ ಸುರುಳಿಯನ್ನು ಬೀಸುವಕಲ್ಲಿನ ಮೇಲೆ ಇಟ್ಟು ದನ ಕಟ್ಟಲು ಹೋದ. ಅಷ್ಟರಿಂದಲೇ ಹುಚ್ಚಮ್ಮನಿಗೆ ತಿಳಿಯಿತು. ಹೀಗೆ ಅದೊಂದು ವರ್ಷಾವಧಿ ಕೆಲಸವಾಗಿ ಕೂತುಬಿಟ್ಟಿತು.

ಕೈ ಸೋಲುತ್ತ ಹೋದ ಹಾಗೆ ಮರವೂ ಹಗುರವಾಗಬೇಕಾಯಿತು. ಹಾಲವಾಣ ಭಾರವಾಯಿತು ಅಂತ ಗೊತ್ತಾದದ್ದು ಅವನು ರಂಗದಿಂದ ಬಂದು ಕೊಟ್ಟಿಗೆಯಲ್ಲಿ ಮಲಗಲು ಶುರುಮಾಡಿದಾಗ. ಒಳಗೆ ಸೆಕೆ ಅನ್ನುತ್ತಿದ್ದ. ಹುಲ್ಲು ಹಾಕಲು ಹೋದವಳು ಊದಿದ ಭುಜ ಕಂಡು ಸುಮ್ಮನೆ ಹಿಂದಿರುಗಿದಳು. ಮುಂದಿನ ಸಲ ಬೂರಗದ ಮರ ಹುಡುಕಿ ತರಿಸಿದಳು. ಆಮೇಲೆ ಅದೂ ಹೆಚ್ಚಾಯಿತು. ರೈಲುಹಳಿಯ ಉದ್ದಕ್ಕೂ ಹಾಕಿದ್ದ ಕತ್ತಾಳೆ ಬೇಲಿಯಲ್ಲಿ ಹೂಬಿಟ್ಟು ಒಣಗಿ ನಿಂತ ದಿಂಡುಗಳಿದ್ದವು. ಒಂದನ್ನು ಕಡಿದು ತಂದು ನೋಡಿದಳು. ಒಳಗೆಲ್ಲ ಬೆಂಡು, ಕೈಯಲ್ಲಿ ಏನಾದರೂ ಇದೆ ಅನ್ನಿಸುವುದೇ ಇಲ್ಲ. ಅದಕ್ಕೆ ಅಲಗು ತೆಗೆಯುವುದು ಬಹಳ ಕಷ್ಟ, ಸ್ವಲ್ಪ ಒತ್ತಿದರೆ ನಾರು ನಾರಾಗಿ ಏಳುತ್ತದೆ. ಹಳೇ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ ಸುತ್ತಿ, ಒಣಗಿಸಿ, ಮತ್ತೆ ಸುತ್ತಿ, ಅದರ ಮೇಲೆ ಬೇಗಡೆ ಹಾಕಬೇಕು. ಮುಂಚೆ ಒಂದೆರಡು ಮಧ್ಯಾಹ್ನದ ಕೆಲಸವಾಗಿದ್ದದ್ದು ಈಗ ಶಿವರಾತ್ರಿಯ ಹಿಂದಿನ ತಿಂಗಳನ್ನೆಲ್ಲ ನುಂಗತೊಡಗಿತು.

ಅದೇ ಹೊತ್ತಿಗೆ, ಮೊದಲ ಮಹಾಯುದ್ಧದ ಕೊನೆಗೆ ಊರೂರಿಗೆ ಹಬ್ಬಿದ ಯುದ್ಧಜ್ವರ ಬಂತು. ಊರಿನಲ್ಲಿ ಹೆಣ ಹೊರುವವರಿಲ್ಲದ ಹಾಗಾಯಿತು. ಹುಚ್ಚಮ್ಮನ ಅತ್ತೆ ಹೋದಳು, ಮಗನ ಹೆಂಡತಿ ಬಸುರಿ, ಅವಳೂ ಹೋದಳು. ಮಗ ಮಂಕಾಗಿ ಹೊಲ ಮನೆ ಅಂತಷ್ಟೇ ಇದ್ದ. ಆ ವರ್ಷ ಆಟವಿರಲಿಲ್ಲ. ಹುಚ್ಚಮ್ಮ ಮನಸ್ಸಿನಲ್ಲೇ, ಇನ್ನು ಇದು ನಿಂತ ಹಾಗೆ ಅಂದುಕೊಂಡಿದ್ದಳು. ಸಂಕಟದ ನಡುವೆಯೂ ಆ ಒಂದು ವಿಚಾರದಲ್ಲಿ ಅವಳಿಗೆ ಹೆಗಲ ಭಾರ ಇಳಿಸಿದಂತಾಗಿತ್ತು. ಆದರೆ ಮರುವರ್ಷ ಮೇಳದ ಭಾಗವತ ತಿಮ್ಮಪ್ಪ ಬಂದು ಜಗಲಿಯಲ್ಲಿ ಕೂತು, ಊರಿನವರು ನಗುವುದನ್ನೇ ಮರೆತಿದ್ದಾರೆ, ಆಟ ಎಬ್ಬಿಸಬೇಕು ಅಂದ. ಈರಣ್ಣ ಒಳಗೆ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ಏನೂ ಅನ್ನಲಿಲ್ಲ. ಅವನು ಆಗಲಿ ಅಂದ.

ಆಮೇಲಿನ ವರ್ಷಗಳಲ್ಲಿ ಅವಳಿಗೆ ಎಲ್ಲವೂ ಭಾರವಾಗತೊಡಗಿತು. ಬಾವಿಯ ಹಗ್ಗ ಭಾರ, ಮುದ್ದೆ ತಿರುವುವ ಕೋಲು ಭಾರ. ಸೊಸೆಯಿಲ್ಲದ ಮನೆ, ಬೀಸುವುದು, ಕುಟ್ಟುವುದು, ತೆಂಗಿನ ಗರಿ ಎಳೆದು ಹಾಕುವುದು ಎಲ್ಲ ಅವಳ ಮೇಲೇ ಬಿತ್ತು. ಚಳಿಜ್ವರ ಬಂದು ಹೋಗಿ ಬಂದು ಹೋಗಿ ಕಣ್ಣು ಹಳದಿಯಾಗಿತ್ತು. ಆದರೂ ಮಾಘ ಹುಟ್ಟಿತೆಂದರೆ ಬೀಸುವಕಲ್ಲಿನ ಮೇಲೆ ಬೇಗಡೆ ಬಂದಿರುತ್ತಿತ್ತು. ಅದನ್ನು ಕಂಡರೆ ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ, ನಿದ್ದೆ ಬರುತ್ತಿತ್ತು.

ಒಂದು ವರ್ಷ ಬೇಗಡೆ ಬಂದು ಎಷ್ಟೋ ದಿನವಾದರೂ ಅವಳು ಅದನ್ನು ಮುಟ್ಟಲಿಲ್ಲ. ಹಾಗೇ ಬಿದ್ದಿರಲಿ, ಕೇಳಿದರೆ ಕೈಲಾಗುವುದಿಲ್ಲ ಅಂತ ಹೇಳಿಬಿಡೋಣ ಅಂತ ಗಟ್ಟಿ ಮಾಡಿಕೊಂಡಳು. ಈರಣ್ಣ ಕೇಳಲಿಲ್ಲ. ದಿನಾ ಬೆಳಿಗ್ಗೆ ಬೀಸುವಕಲ್ಲಿನ ಕಡೆ ಒಂದು ಸಲ ನೋಡಿ ಹೊಲಕ್ಕೆ ಹೋಗುತ್ತಿದ್ದ. ಆ ನೋಟ ಅವಳಿಗೆ ತಡೆಯಲಾಗಲಿಲ್ಲ. ಶಿವರಾತ್ರಿ ಹತ್ತಿರ ಬಂದ ಮೇಲೆ, ಜ್ವರ ಬಿಟ್ಟ ಒಂದು ಮಧ್ಯಾಹ್ನ, ದಿಂಡನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಕೈಯಲ್ಲಿ ಹಿಡಿತವಿರಲಿಲ್ಲ. ಕುಡುಗೋಲು ಬೆಂಡಿನೊಳಗೆ ಸರ್ರನೆ ಜಾರಿ ಎಡಗೈ ಹೆಬ್ಬೆರಳಿನ ಬುಡವನ್ನು ಸೀಳಿತು.

ಕೊಟ್ಟಿಗೆಯಲ್ಲಿದ್ದ ಈರಣ್ಣ ಒಳಗೆ ಬಂದಾಗ ಅವಳು ಸೆರಗಿನಿಂದ ಕೈ ಅದುಮಿ ಹಿಡಿದು ಗೋಡೆಗೆ ಒರಗಿದ್ದಳು. ಮಡಿಲಿನ ದಿಂಡೆಲ್ಲ ಕೆಂಪಾಗಿತ್ತು. ಅವನು ಅರಿಸಿನ ತಂದು ಒತ್ತಿ, ತನ್ನ ವಸ್ತ್ರದ ಅಂಚು ಹರಿದು, ಒಂದು ಕೈಯಲ್ಲೂ ಹಲ್ಲಿನಲ್ಲೂ ಎಳೆದು ಬಿಗಿದು ಕಟ್ಟಿದ. ಕಟ್ಟಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಜ್ವರ ಇಟ್ಕೊಂಡು ಯಾಕೆ ಮಾಡೋಕೆ ಕೂತೆ?" ಅಂದ.

"ಇನ್ಯಾರು ಮಾಡ್ತಾರೆ? ನೀ ಕುಣೀಬೇಕಲ್ಲ."

ಅವನು ಕೆಂಪಾದ ದಿಂಡನ್ನು ಅವಳ ಮಡಿಲಿನಿಂದ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ: "ನೀ ಮಾಡ್ಕೊಡ್ತೀಯಲ್ಲ ಅಂತ ನಾ ಕುಣೀತಿದ್ದೆ ಕಣೇ. ಇಷ್ಟು ಕಷ್ಟಪಟ್ಟು ಮಾಡ್ತಾಳೆ, ಬ್ಯಾಡ ಅಂತ ಹೆಂಗನ್ನಲಿ ಅಂತ."

ಹುಚ್ಚಮ್ಮನಿಗೆ ಮೊದಲು ಮಾತು ಅರ್ಥವಾಗಲಿಲ್ಲ. ಬೇಗಡೆ ತಂದಿಡುತ್ತಿದ್ದವನು ನೀನೇ ಅಲ್ಲವೇ ಅಂತ ಕೇಳಿದಳು. ಮೊದಲ ವರ್ಷ ತಂದದ್ದು ಬೇಕಾಗಿಯೇ, ಆಮೇಲೆ ತಾರದಿದ್ದರೆ ನೀನು ನೊಂದುಕೊಳ್ಳುತ್ತೀಯ ಅಂತ ತಂದೆ ಅಂದ. ತಿಮ್ಮಪ್ಪ ಬಂದು ಕೂತ ದಿನ ನಿನ್ನ ಮುಖ ನೋಡಿದೆನಲ್ಲ, ಬೇಡ ಅನ್ನು ಅಂತಲೇ ನೋಡಿದ್ದು ಅಂದ. ಭುಜದ ಕೀಲು ತಪ್ಪಿದ ಎರಡನೇ ವರ್ಷಕ್ಕೇ ಅವನಿಗೆ ಆಟದ ರುಚಿ ಹೋಗಿತ್ತಂತೆ. ಎದೆಹಲಗೆ ಕಟ್ಟಿಸಿಕೊಳ್ಳುವಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತಂತೆ. ಇದನ್ನೆಲ್ಲ ಅವನು ಬೇರೆ ಯಾರದೋ ಕಷ್ಟ ಹೇಳುವ ಹಾಗೆ ನಿಧಾನವಾಗಿ ಹೇಳಿದ. ಮದುವೆಯಾದ ಮೇಲೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅವಳು ಕೇಳಿರಲಿಲ್ಲ.

ಅವಳಿಗೆ ನಗು ಬರಬೇಕಾಗಿತ್ತೋ ಅಳು ಬರಬೇಕಾಗಿತ್ತೋ, ಎರಡೂ ಬರಲಿಲ್ಲ. ಬಟ್ಟೆ ಕಟ್ಟಿದ ಬೆರಳು ಸಿಡಿಯುತ್ತಿತ್ತು. ಒಣಗಿಸಿದ ಕೊಂಬೆಗಳು, ನಡುಮನೆಯ ಕತ್ತಲಲ್ಲಿ ಕಳೆದ ಮಧ್ಯಾಹ್ನಗಳು, ಪಕ್ಕದ ಮನೆಯವರಿಗೆ ಹೇಳಿದ ಸುಳ್ಳುಗಳು ಎಲ್ಲ ನೆನಪಾಗಿ ಮೈ ಇನ್ನಷ್ಟು ಸೋತಿತು.

"ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ" ಅಂದಳು.

"ನೀನೂ ಅನ್ಲಿಲ್ಲ" ಅಂದ ಅವನು.

ಅವಳು ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಸಂಜೆ ಈರಣ್ಣನೇ ಒಲೆ ಹಚ್ಚಿ ಗಂಜಿ ಕಾಯಿಸಿದ. ಅದು ತಳ ಹೊತ್ತಿತ್ತು. ತಂದೆ ಮಗ ಇಬ್ಬರೂ ಅದನ್ನೇ ಕುಡಿದರು, ಅವಳಿಗೂ ಕೊಟ್ಟರು.

ಮಾರನೇ ದಿನ ಈರಣ್ಣ ತಿಮ್ಮಪ್ಪನ ಮನೆಗೆ ಹೋಗಿ ಈ ಸಲದಿಂದ ನನ್ನನ್ನು ಬಿಡಿ ಅಂದ. ಬಲವಂತ ಮಾಡುತ್ತಾನೆ ಅಂತ ಅಂಜಿಕೊಂಡೇ ಹೋಗಿದ್ದ. ತಿಮ್ಮಪ್ಪ ಮಾತ್ರ ದೊಡ್ಡ ಉಸಿರು ಬಿಟ್ಟು, ನೀನಾಗಿ ಹೇಳಲಿ ಅಂತಲೇ ಮೇಳದವರು ಕಾಯುತ್ತಿದ್ದರು, ಹಿರಿಯ ವೇಷಧಾರಿಗೆ ಸಾಕು ಅನ್ನುವ ಬಾಯಿ ಯಾರಿಗೂ ಬರಲಿಲ್ಲ ಅಂದ. ಎದುರಾಳಿ ವೇಷದವನಂತೂ ಕತ್ತಿ ಮುರಿಯದ ಹಾಗೆ ಮೆಲ್ಲಗೆ ತಾಗಿಸುವುದನ್ನು ರೂಢಿ ಮಾಡಿಕೊಂಡು, ಬೇರೆ ಮೇಳದವರ ಕೈಲಿ ನಗೆಗೀಡಾಗಿದ್ದನಂತೆ. ಕತ್ತಾಳೆ ದಿಂಡಿನ ವಿಷಯ ಊರಿಗೆಲ್ಲ ಗೊತ್ತಿತ್ತು.

ಈರಣ್ಣ ಮನೆಗೆ ಬಂದು ಇದನ್ನು ಹೇಳಿದಾಗ ಹುಚ್ಚಮ್ಮ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಗೊತ್ತಿರಲಿ ಬಿಡು ಅಂದಳು. ಕೈ ನಿಲ್ಲಿಸಲಿಲ್ಲ.

ರಕ್ಕಸರಾಜನ ವೇಷ ಕರಿಯಪ್ಪನೆಂಬ ಗಟ್ಟಿಮುಟ್ಟಾದ ಆಳಿಗೆ ಹೋಯಿತು. ಅವನು ಒಂದು ಬೆಳಿಗ್ಗೆ ಬಂದು ಕಿರೀಟ, ಭುಜಕೀರ್ತಿಗಳನ್ನು ಅಟ್ಟದಿಂದ ಇಳಿಸಿಕೊಂಡ. ಹೋಗುವ ಮುಂಚೆ ಸಂಕೋಚಪಡುತ್ತ, ತನಗೂ ಒಂದು ಕತ್ತಿ ಮಾಡಿಕೊಡಬಹುದೇ, ಅಷ್ಟು ಹಗುರವಿದ್ದರೆ ತಿರುಗಿಸಿ ಎಸೆದು ಹಿಡಿಯಬಹುದು ಅಂತ ಕೇಳಿದ. ಹುಚ್ಚಮ್ಮ ಅವನಿಗೆ ಮಜ್ಜಿಗೆ ಕೊಟ್ಟು, ಬೆರಳು ತೋರಿಸಿ, "ಆಗಲ್ಲ ಕಣಪ್ಪ. ಆಚಾರಿ ಹತ್ರ ಹೋಗು" ಅಂದಳು. ಬೆರಳಿನ ಗಾಯ ಆ ಹೊತ್ತಿಗೆ ಮಾಗಿತ್ತು. ಅದು ಅವನಿಗೂ ಕಾಣುತ್ತಿತ್ತು. ಅವನು ಮಜ್ಜಿಗೆ ಕುಡಿದು ಹೋದ.

ಆಟದ ದಿನ ಅಕ್ಕಪಕ್ಕದವರೆಲ್ಲ ಹೊತ್ತು ಮುಳುಗುವ ಮುಂಚೆಯೇ ಕಂಬಳಿ ಹಿಡಿದು ಜಾಗ ಹಿಡಿಯಲು ಹೋದರು. ಮಗನೂ ಹೋದ, ಹೆಂಡತಿ ಸತ್ತ ಮೇಲೆ ಅವನು ಜನರ ನಡುವೆ ಹೋದದ್ದು ಅದೇ ಮೊದಲು. ತಿಮ್ಮಪ್ಪ ಹೇಳಿಕಳಿಸಿದರೂ ಈರಣ್ಣ ಹೋಗಲಿಲ್ಲ. ಹೋಗಿ ಬಾ ಅಂತ ಹುಚ್ಚಮ್ಮನೂ ಅನ್ನಲಿಲ್ಲ. ಇಬ್ಬರೂ ಬೇಗ ಉಂಡು ಮಲಗಿದರು. ಮದ್ದಳೆಯ ಸದ್ದು ಕೇಳಿಸಿತೋ ಇಲ್ಲವೋ, ಅವರಿಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು, ಎಮ್ಮೆ ಅರಚುತ್ತಿತ್ತು. ಹುಚ್ಚಮ್ಮ ಎದ್ದು ಕೂತಳು. ಮೈ ನೋವು ಎಲ್ಲೂ ಹೋಗಿರಲಿಲ್ಲ. ತಿಂಗಳಿಂದ ರಾಶಿ ಬಿದ್ದಿದ್ದ ತೆಂಗಿನಕಾಯಿ ಸುಲಿಯುವುದಿತ್ತು. ಅವಳು ಚೊಂಬು ಹಿಡಿದು ಎಮ್ಮೆ ಕರೆಯಲು ಹೋದಳು.